ಡೈವಿಂಗ್ ಮಾಸ್ಕ್ ಸೋರುತ್ತಿದೆಯಾ? ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ

ಮಾಸ್ಕ್ ಒಳಗೆ ನೀರು ಬಂತು ಅಂದ ತಕ್ಷಣ ಕೈ ಹೋಗುವುದು ಸ್ಟ್ರ್ಯಾಪಿಗೆ. ಎರಡು ಹಲ್ಲು ಬಿಗಿ ಮಾಡುತ್ತೇವೆ. ಆಗಲೂ ನೀರು ಬಂದರೆ ಇನ್ನೆರಡು. ಡೈವ್ ಮುಗಿಸಿ ಮೇಲೆ ಬಂದಾಗ ಮುಖದ ಮೇಲೆ ಕೆಂಪು ಬರೆ, ಹಣೆಯಲ್ಲಿ ನೋವು. ನೀರು ಮಾತ್ರ ನಿಂತಿರುವುದಿಲ್ಲ. ನನಗೂ ಬಹಳ ದಿನ ಹೀಗೇ ಆಯಿತು. ಎರಡು ಮಾಸ್ಕ್ ಬದಲಾಯಿಸಿದೆ. ಮೂರನೆಯದು ಕೂಡ ಎಡಗಡೆಯಿಂದಲೇ ಜಿನುಗತೊಡಗಿತು. ಬೇರೆ ಬೇರೆ ಆಕಾರದ ಮೂರು ಮಾಸ್ಕ್ ಒಂದೇ ಜಾಗದಲ್ಲಿ ಸೋರುತ್ತಿವೆ ಅಂದರೆ ತೊಂದರೆ ಮಾಸ್ಕ್‌ನಲ್ಲಿ ಇರಲಿಕ್ಕಿಲ್ಲ ಅಂತ ಆಗ ಹೊಳೆಯಿತು. ಕಾರಣ ಏನಾಗಿತ್ತು ಅಂತ ಮುಂದೆ ಹೇಳುತ್ತೇನೆ. ಅಷ್ಟರೊಳಗೆ ನಿಮ್ಮದು ಯಾವ ತೊಂದರೆ ಅಂತ ನೋಡೋಣ.

ಮಾಸ್ಕ್ ಮುಖಕ್ಕೆ ಹಿಡಿದುಕೊಳ್ಳುವುದು ಹೇಗೆ

ಇದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಮಾಸ್ಕ್‌ನ ಅಂಚಿನಲ್ಲಿ ಸುತ್ತಲೂ ಮೆತ್ತಗಿನ ಸಿಲಿಕೋನ್ ಇರುತ್ತದಲ್ಲ, ಅದಕ್ಕೆ ಸ್ಕರ್ಟ್ ಅನ್ನುತ್ತಾರೆ. ಅದರ ಕೊನೆಯ ಅಂಚು ತುಂಬಾ ತೆಳ್ಳಗಿರುತ್ತದೆ. ಆ ಅಂಚು ಚರ್ಮದ ಮೇಲೆ ಚಪ್ಪಟೆಯಾಗಿ, ಸುತ್ತಲೂ ಎಲ್ಲೂ ಬಿಡದೆ ಮಲಗಬೇಕು. ಅಷ್ಟಾದರೆ ಹೊರಗಿನ ನೀರೇ ಅದನ್ನು ಮುಖಕ್ಕೆ ಒತ್ತಿ ಹಿಡಿಯುತ್ತದೆ. ಸ್ಟ್ರ್ಯಾಪ್ ಇರುವುದು ಮಾಸ್ಕ್ ಜಾರದಿರಲಿ ಅಂತ, ಅಷ್ಟೇ. ಅದನ್ನು ಜೋರಾಗಿ ಎಳೆದರೆ ತೆಳ್ಳಗಿನ ಅಂಚು ಮಡಚಿಕೊಳ್ಳುತ್ತದೆ, ಕೆಲವು ಕಡೆ ಒಳಗೆ ಸುರುಳಿಯಾಗುತ್ತದೆ, ಆ ಮಡಿಕೆಯ ಸಂದಿನಿಂದ ನೀರು ಆರಾಮಾಗಿ ಒಳಗೆ ಬರುತ್ತದೆ. ಬಿಗಿ ಮಾಡಿದಷ್ಟೂ ಜಾಸ್ತಿ ಸೋರುವುದು ಇದಕ್ಕೇ.

10 ಮೀಟರ್ ಆಳಕ್ಕೆ ಇಳಿದರೆ ಸುತ್ತಲಿನ ಒತ್ತಡ ನೀರಿನ ಮೇಲಿದ್ದದ್ದರ ಎರಡರಷ್ಟಾಗುತ್ತದೆ. ಮಾಸ್ಕ್ ಒಳಗಿನ ಗಾಳಿ ಅರ್ಧಕ್ಕೆ ಕುಗ್ಗಲು ನೋಡುತ್ತದೆ, ಮಾಸ್ಕ್ ಮುಖಕ್ಕೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಆಗ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಸರಿಮಾಡಿಕೊಳ್ಳಬೇಕು. ಡೈವಿಂಗ್ ಮಾಸ್ಕ್‌ನಲ್ಲಿ ಮೂಗು ಒಳಗೇ ಇರುವುದು ಈ ಕಾರಣಕ್ಕೆ. ಈಜುಕೊಳದ ಗಾಗಲ್ಸ್ ಹಾಕಿ ಆಳಕ್ಕೆ ಹೋಗಬಾರದು ಅನ್ನುವುದೂ ಇದಕ್ಕೇ. ಗಾಳಿ ಬಿಡದೆ ಇಳಿದರೆ ಕಣ್ಣಿನ ಬಿಳಿ ಭಾಗದ ಸಣ್ಣ ರಕ್ತನಾಳಗಳು ಒಡೆದು ಕೆಂಪಾಗುತ್ತವೆ, ಕಣ್ಣಿನ ಸುತ್ತ ಊದಿಕೊಳ್ಳುತ್ತದೆ. ಕೆಂಪು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ, ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಆದರೆ ಕಣ್ಣು ನೋಯುತ್ತಿದ್ದರೆ ಅಥವಾ ಮಂಜಾಗಿ ಕಾಣುತ್ತಿದ್ದರೆ ಸುಮ್ನೆ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಅದು ನಿಜವಾಗಿಯೂ ಲೀಕ್ ಹೌದಾ?

ಇಲ್ಲಿ ತುಂಬಾ ಜನ ತಪ್ಪುತ್ತಾರೆ. ಮಾಸ್ಕ್ ಸರಿಯಾಗಿಯೇ ಕೂತಿರುತ್ತದೆ, ಆದರೆ ಗೊತ್ತಿಲ್ಲದೆ ಮೂಗಿನಿಂದ ಉಸಿರು ಬಿಡುತ್ತಿರುತ್ತಾರೆ. ಪ್ರತಿ ಸಲ ಉಸಿರು ಬಿಟ್ಟಾಗ ಗಾಳಿ ಸ್ಕರ್ಟನ್ನು ಎತ್ತಿ ಹೊರಗೆ ಹೋಗುತ್ತದೆ, ಎತ್ತಿದ ಜಾಗದಲ್ಲಿ ಒಂದೆರಡು ಹನಿ ಒಳಗೆ ಬರುತ್ತವೆ. ಹೊಸಬರಲ್ಲಿ ಇದು ತುಂಬಾ ಸಾಮಾನ್ಯ. ಹಳಬರಿಗೂ ಗಾಬರಿಯಾದಾಗ, ಸುಸ್ತಾದಾಗ ಆಗುತ್ತದೆ.

ಕಂಡುಹಿಡಿಯುವುದು ಸುಲಭ. ಜೊತೆಗೆ ಇಳಿದ ಡೈವರ್‌ಗೆ ನಿಮ್ಮ ಮಾಸ್ಕ್‌ನ ಮೇಲಂಚನ್ನು ನೋಡಲು ಹೇಳಿ. ಉಸಿರು ಬಿಟ್ಟಾಗಲೆಲ್ಲ ಅಲ್ಲಿಂದ ಸಣ್ಣ ಗುಳ್ಳೆ ಬರುತ್ತಿದ್ದರೆ ಮೂಗಿನ ಉಸಿರೇ ಕಾರಣ. ಆಗ ಮಾಸ್ಕ್ ಬದಲಾಯಿಸಿ ಪ್ರಯೋಜನ ಇಲ್ಲ. ಆಳ ಇಲ್ಲದ ನೀರಿನಲ್ಲಿ ಮಾಸ್ಕ್ ತೆಗೆದು, ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಬಾಯಲ್ಲಿಟ್ಟು, ಮುಖ ನೀರಿನೊಳಗೆ ಹಾಕಿ, ಬಾಯಿಂದಲೇ ಎಳೆದು ಬಾಯಿಂದಲೇ ಬಿಡುವುದನ್ನು ಅಭ್ಯಾಸ ಮಾಡಿ. ಮೊದಲ ಸಲ ಮೂಗಿಗೆ ನೀರು ಹೋದ ಹಾಗೆ ಅನಿಸುತ್ತದೆ. ನಿಧಾನಕ್ಕೆ ಮಾಡಿ, ಯಾರಾದರೂ ಗೊತ್ತಿರುವವರು ಪಕ್ಕದಲ್ಲಿರಲಿ.

ಇನ್ನೊಂದು ಮಾತು. ಮೇಲೆ ಬರುವಾಗ ಒಳಗಿನ ಗಾಳಿ ಹಿಗ್ಗಿ ಅಂಚಿನಿಂದ ಗುಳ್ಳೆಗಳಾಗಿ ಹೋಗುತ್ತದೆ. ಅದು ಲೀಕ್ ಅಲ್ಲ. ಬಿಸಿ ಉಸಿರು ತಣ್ಣನೆಯ ಗಾಜಿಗೆ ತಾಗಿ ಹನಿಯಾಗುವುದೂ ಲೀಕ್ ಅಲ್ಲ. ಇಡೀ ಡೈವ್‌ನಲ್ಲಿ ಮಾಸ್ಕ್‌ನಲ್ಲಿ ಮೂಗು ಕೂರುವ ಗೂಡಿನಲ್ಲಿ ಒಂದು ಚಮಚದಷ್ಟು ನೀರು ಸೇರಿದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ನಿಮಿಷಕ್ಕೊಮ್ಮೆ ನೀರು ಹೊರಹಾಕಬೇಕಾದರೆ ಮಾತ್ರ ಮುಂದೆ ಓದಿ.

ಎಲ್ಲಿಂದ ಬರುತ್ತಿದೆ?

ಒಳಗೆ ಬಂದ ನೀರು ಕೊನೆಗೆ ಕೆಳಗೆ ಇಳಿದು ನಿಲ್ಲುತ್ತದೆ. ಆದ್ದರಿಂದ ನೀರು ನಿಂತ ಜಾಗ ನೋಡಿ ಏನೂ ತಿಳಿಯುವುದಿಲ್ಲ. ಬಂದ ಜಾಗ ತಿಳಿಯಬೇಕು. ಎದೆ ಮಟ್ಟದ ನೀರಿನಲ್ಲಿ ನಿಲ್ಲಿ, ಸ್ಟ್ರ್ಯಾಪ್ ಪೂರ್ತಿ ಸಡಿಲ ಮಾಡಿ, ಬಾಯಲ್ಲಿ ರೆಗ್ಯುಲೇಟರ್ ಇಟ್ಟು ಮುಖ ಮುಳುಗಿಸಿ. ಕಣ್ಣು ಮುಚ್ಚಿ ಗಮನ ಕೊಟ್ಟರೆ ಮೊದಲ ತಣ್ಣನೆಯ ಗೆರೆ ಎಲ್ಲಿ ಇಳಿಯಿತು ಅಂತ ಚರ್ಮಕ್ಕೇ ತಿಳಿಯುತ್ತದೆ. ತಲೆಯನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ತಿರುಗಿಸಿ. ಯಾವ ಭಂಗಿಯಲ್ಲಿ ಜಾಸ್ತಿ ಬರುತ್ತದೆ ನೋಡಿ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಕನ್ನಡಿ. ಡೈವ್ ಮುಗಿಸಿ ಮಾಸ್ಕ್ ತೆಗೆದ ತಕ್ಷಣ ಮುಖದ ಮೇಲಿನ ಗೆರೆ ನೋಡಿ. ಸ್ಕರ್ಟ್ ಸರಿಯಾಗಿ ಕೂತ ಕಡೆ ಒಂದೇ ಸಮನಾದ, ತೆಳು ಗೆರೆ ಇರುತ್ತದೆ. ಗೆರೆ ಎಲ್ಲಿ ಕಡಿದುಹೋಗಿದೆಯೋ ಅಲ್ಲಿ ಸಿಲಿಕೋನ್ ಚರ್ಮಕ್ಕೆ ತಾಗಿಲ್ಲ. ಎಲ್ಲಿ ತುಂಬಾ ಆಳವಾಗಿ, ಕಡುಕೆಂಪಾಗಿದೆಯೋ ಅಲ್ಲಿ ಒತ್ತಡ ಜಾಸ್ತಿ ಬಿದ್ದಿದೆ. ಪಾರದರ್ಶಕ ಸ್ಕರ್ಟ್ ಇದ್ದರೆ ಇನ್ನೂ ಸುಲಭ, ಒಣಗಿದ ಮುಖಕ್ಕೆ ಮಾಸ್ಕ್ ಇಟ್ಟು ಕನ್ನಡಿ ಮುಂದೆ ನಿಂತರೆ ಚರ್ಮಕ್ಕೆ ತಾಗಿದ ಭಾಗವೂ ತಾಗದ ಭಾಗವೂ ಬೇರೆ ಬೇರೆಯಾಗಿ ಕಾಣುತ್ತವೆ.

ಮೇಲಿನಿಂದ, ಹಣೆಯ ಕಡೆಯಿಂದ

ಹತ್ತರಲ್ಲಿ ಒಂಬತ್ತು ಸಲ ಕೂದಲು ಅಂತ ಹೇಳಿದರೆ ಲೆಕ್ಕ ಹಾಕಿ ಹೇಳಿದ್ದಲ್ಲ, ಆದರೆ ನಾನು ಮೊದಲು ನೋಡುವುದು ಅದನ್ನೇ. ನಾಲ್ಕೈದು ಎಳೆ ಸಾಕು. ಅವು ಅಂಚಿನ ಕೆಳಗೆ ಸಿಕ್ಕಿಕೊಂಡರೆ ನೀರು ಅವುಗಳ ಪಕ್ಕದಿಂದ ಬತ್ತಿಗೆ ಎಣ್ಣೆ ಏರುವ ಹಾಗೆ ಒಳಗೆ ಬರುತ್ತದೆ. ಮಾಸ್ಕ್ ಇಟ್ಟ ಮೇಲೆ ಒಂದು ಬೆರಳನ್ನು ಅಂಚಿನ ಸುತ್ತ ಪೂರ್ತಿ ಆಡಿಸಿ. ಉದ್ದ ಕೂದಲಿದ್ದರೆ ಮೊದಲೇ ಹಿಂದಕ್ಕೆ ಕಟ್ಟಿ, ಹಣೆಗೆ ತೆಳ್ಳಗಿನ ಬಟ್ಟೆಯ ಪಟ್ಟಿ ಹಾಕಿಕೊಂಡರೆ ಒಳ್ಳೆಯದು. ಪಟ್ಟಿಯೂ ಸ್ಕರ್ಟ್ ಕೆಳಗೆ ಬರಬಾರದು. ಹುಡ್ (ತಲೆ ಮುಚ್ಚುವ ಡೈವಿಂಗ್ ಟೋಪಿ) ಹಾಕುವವರು ಹುಡ್‌ನ ಅಂಚು ಮಾಸ್ಕ್ ಹೊರಗೇ ಉಳಿಯುವಂತೆ ನೋಡಿಕೊಳ್ಳಿ.

ಕೂದಲಿಲ್ಲ, ಆದರೂ ಬರುತ್ತಿದೆಯಾ? ಹುಬ್ಬು ಗಂಟಿಕ್ಕುವ ಅಭ್ಯಾಸ ಇದೆಯಾ ನೋಡಿ. ನೀರೊಳಗೆ ಏನನ್ನಾದರೂ ದಿಟ್ಟಿಸಿ ನೋಡುವಾಗ ಹಣೆಯಲ್ಲಿ ಸುಕ್ಕು ಬೀಳುತ್ತದೆ, ಆ ಗೆರೆಯೇ ನೀರಿಗೆ ದಾರಿ. ಮುಖಕ್ಕೆ ಹಚ್ಚಿದ ಸನ್‌ಸ್ಕ್ರೀನ್ ಕೂಡ ಸ್ಕರ್ಟನ್ನು ಜಾರಿಸುತ್ತದೆ. ಅಂಚು ಕೂರುವ ಜಾಗವನ್ನು ಒರೆಸಿಕೊಂಡು ಹಾಕಿ.

ಮೂಗಿನ ಕೆಳಗಿನಿಂದ

ಮೀಸೆ ಇರುವವರ ಪಾಡು ಇದು. ಮೀಸೆ ಬೋಳಿಸಬೇಕಾಗಿಲ್ಲ. ಮೂಗಿನ ಹೊಳ್ಳೆಗಳ ಕೆಳಗೆ ಸ್ಕರ್ಟ್ ಕೂರುವಷ್ಟು ಅಗಲದ ಒಂದು ಸಣ್ಣ ಪಟ್ಟಿಯಲ್ಲಿ ಮಾತ್ರ ಕೂದಲು ತೆಗೆದರೆ ಸಾಕು. ಅದೂ ಬೇಡ ಅನ್ನುವವರು ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿಕೊಳ್ಳುತ್ತಾರೆ, ಒಂದು ಮಟ್ಟಿಗೆ ಕೆಲಸ ಮಾಡುತ್ತದೆ. ಪೆಟ್ರೋಲಿಯಂ ಜೆಲ್ಲಿ ಮಾತ್ರ ಬೇಡ, ಅದು ಮಾಸ್ಕ್‌ಗೆ ಒಳ್ಳೆಯದಲ್ಲ, ರಬ್ಬರ್ ಭಾಗಗಳನ್ನಂತೂ ಹಾಳು ಮಾಡುತ್ತದೆ. ನಾನು ನೋಡಿದ ಹಾಗೆ ಉದ್ದ ಮೀಸೆಗಿಂತ ಎರಡು ದಿನದ ಕುರುಚಲು ಹೆಚ್ಚು ತೊಂದರೆ ಕೊಡುತ್ತದೆ. ಚುಚ್ಚುವ ಕೂದಲು ತೆಳ್ಳಗಿನ ಅಂಚನ್ನು ಚರ್ಮದಿಂದ ಎತ್ತಿ ಹಿಡಿಯುತ್ತದೆ.

ಮೀಸೆಯೇ ಇಲ್ಲದವರಿಗೆ ಇಲ್ಲಿಂದ ನೀರು ಬಂದರೆ ಮೌತ್‌ಪೀಸ್ ಮೇಲೆ, ಅಂದರೆ ರೆಗ್ಯುಲೇಟರ್‌ನ ಬಾಯಲ್ಲಿಡುವ ಭಾಗದ ಮೇಲೆ ಅನುಮಾನ ಪಡಿ. ಬಾಯಲ್ಲಿ ರೆಗ್ಯುಲೇಟರ್ ಇದ್ದಾಗ ಮೇಲ್ತುಟಿ ಎತ್ತಿಕೊಳ್ಳುತ್ತದೆ, ಕೆನ್ನೆ ಹಿಗ್ಗುತ್ತದೆ. ಅಂಗಡಿಯಲ್ಲಿ ಬಾಯಿ ಮುಚ್ಚಿ ನೋಡಿದಾಗ ಚೆನ್ನಾಗಿ ಕೂತ ಮಾಸ್ಕ್ ನೀರಿನಲ್ಲಿ ಸೋರುವುದಕ್ಕೆ ಇದು ದೊಡ್ಡ ಕಾರಣ. ಮೌತ್‌ಪೀಸನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವವರಿಗೆ ಇನ್ನೂ ಜಾಸ್ತಿ. ದವಡೆ ಸಡಿಲ ಬಿಟ್ಟು ನೋಡಿ, ಇಲ್ಲವೇ ಸಣ್ಣ ಮೌತ್‌ಪೀಸ್ ಹಾಕಿಸಿ. ನಗುವುದೂ ಹೀಗೇ. ಮೂಗಿನ ಪಕ್ಕದಿಂದ ಬಾಯಿಯ ತನಕ ಬೀಳುವ ಗೆರೆ ಆಳವಾಗುತ್ತದೆ. ಆಮೆ ಕಂಡಾಗ ನಗಬೇಡಿ ಅಂತ ಯಾರಿಗೂ ಹೇಳಲು ಆಗುವುದಿಲ್ಲ, ನಕ್ಕ ಮೇಲೆ ನೀರು ಹೊರಹಾಕಿದರೆ ಆಯಿತು.

ಪಕ್ಕದಿಂದ

ಎರಡೂ ಪಕ್ಕದಿಂದ ಬರುತ್ತಿದ್ದರೆ ಮಾಸ್ಕ್ ನಿಮ್ಮ ಮುಖಕ್ಕಿಂತ ಅಗಲ ಇದೆ. ಸ್ಕರ್ಟ್ ಕಣ್ಣಿನ ಪಕ್ಕ ಮುಖದ ತಿರುವಿನಾಚೆ ಹೋಗಿ ಗಾಳಿಯಲ್ಲಿ ನಿಂತಿರುತ್ತದೆ ಅಥವಾ ಕೂದಲಿನ ಮೇಲೆ ಕೂತಿರುತ್ತದೆ. ಇದಕ್ಕೆ ಸ್ಟ್ರ್ಯಾಪ್‌ನಲ್ಲಿ ಪರಿಹಾರ ಇಲ್ಲ. ಕಿರಿದಾದ ಮಾಸ್ಕ್ ಬೇಕು.

ಒಂದೇ ಪಕ್ಕದಿಂದ ಬರುತ್ತಿದ್ದರೆ ಮಾಸ್ಕನ್ನು ಏನೋ ಎಳೆಯುತ್ತಿದೆ. ನನ್ನದು ಇದೇ ಆಗಿತ್ತು. ಸ್ನಾರ್ಕೆಲ್, ಅಂದರೆ ನೀರಿನ ಮೇಲ್ಮಟ್ಟದಲ್ಲಿ ಉಸಿರಾಡುವ ಕೊಳವೆ! ರೆಗ್ಯುಲೇಟರ್ ಬಲಗಡೆಯಿಂದ ಬರುವುದರಿಂದ ಸ್ನಾರ್ಕೆಲ್ ಎಡಗಡೆ ಕಟ್ಟುವುದು ವಾಡಿಕೆ. ನನ್ನ ಸ್ನಾರ್ಕೆಲ್ ಉದ್ದ ಮತ್ತು ಭಾರ. ಈಜುವಾಗ ನೀರು ಅದನ್ನು ಹಿಂದಕ್ಕೆ ತಳ್ಳುತ್ತಿತ್ತು, ಅದು ಸ್ಟ್ರ್ಯಾಪನ್ನು ತಿರುಚುತ್ತಿತ್ತು, ಎಡಗಡೆಯ ಅಂಚು ಕೂದಲೆಳೆಯಷ್ಟು ಏಳುತ್ತಿತ್ತು. ಅದನ್ನು ತೆಗೆದು ಜೇಬಿನಲ್ಲಿಟ್ಟು ಇಳಿದ ದಿನ ಮೂರನೆಯ ಮಾಸ್ಕ್ ಒಂದು ಹನಿ ಸೋರಲಿಲ್ಲ. ಆಮೇಲೆ ಮೊದಲ ಎರಡನ್ನೂ ಹೊರತೆಗೆದು ಹಾಕಿ ನೋಡಿದೆ. ಅವೂ ಸೋರಲಿಲ್ಲ. ಮೊದಲೇ ಒಂದು ಸಲ ಸ್ನಾರ್ಕೆಲ್ ಬಿಚ್ಚಿ ನೋಡಿದ್ದರೆ ಎರಡು ಮಾಸ್ಕ್‌ನ ದುಡ್ಡು ಉಳಿಯುತ್ತಿತ್ತು, ಅಲ್ವಾ?

ಸ್ನಾರ್ಕೆಲ್ ಇಲ್ಲದಿದ್ದರೆ ಎರಡೂ ಬಕಲ್‌ಗಳಲ್ಲಿ ಸ್ಟ್ರ್ಯಾಪ್ ಸಮವಾಗಿದೆಯಾ ಎಣಿಸಿ ನೋಡಿ. ಸ್ಟ್ರ್ಯಾಪ್ ಎಲ್ಲಾದರೂ ತಿರುಚಿದೆಯಾ ನೋಡಿ. ಕ್ಯಾಮೆರಾ ದೀಪವನ್ನು ಮಾಸ್ಕ್‌ಗೇ ಸಿಕ್ಕಿಸಿದ್ದರೆ ಅದನ್ನೂ ತೆಗೆದು ಪರೀಕ್ಷಿಸಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಮಾಸ್ಕ್‌ನಿಂದಲೇ ಸೋರುತ್ತಿದ್ದರೆ

ಕೆಲವು ಮಾಸ್ಕ್‌ಗಳಲ್ಲಿ ಮೂಗಿನ ಕೆಳಗೆ ನೀರು ಹೊರಹಾಕಲು ಪರ್ಜ್ ವಾಲ್ವ್ ಇರುತ್ತದೆ. ಅದರ ತೆಳ್ಳಗಿನ ಬಿಲ್ಲೆಯ ಕೆಳಗೆ ಒಂದು ಮರಳಿನ ಕಣ ಸಿಕ್ಕಿದರೂ ಅದು ಪೂರ್ತಿ ಮುಚ್ಚುವುದಿಲ್ಲ. ಗಾಜು ಮತ್ತು ಫ್ರೇಮ್ ಸೇರುವ ಜಾಗವೂ ಅಪರೂಪಕ್ಕೆ ಸಡಿಲ ಆಗುತ್ತದೆ, ಅದರಲ್ಲೂ ಮಾಸ್ಕ್ ಕೆಳಗೆ ಬಿದ್ದಿದ್ದರೆ. ಗಾಜು ಮತ್ತು ಫ್ರೇಮ್ ಸೇರುವ ಜಾಗದ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಒಣಗಿದ ಮಾಸ್ಕನ್ನು ಗಾಜು ಕೆಳಗಾಗಿ ಹಿಡಿದು ಬಟ್ಟಲಿನ ಹಾಗೆ ಒಳಗೆ ನೀರು ತುಂಬಿ, ಕೆಳಗೆ ಕಾಗದ ಹಾಸಿ. ಕೆಲವು ನಿಮಿಷ ಬಿಟ್ಟು ನೋಡಿ. ಗಾಜಿನ ಅಂಚಿನಿಂದ ಕಾಗದದ ಮೇಲೆ ಹನಿ ಬಿದ್ದಿದ್ದರೆ ಮೇಲೆ ಹೇಳಿದ ಯಾವುದೂ ಬೇಕಾಗಿಲ್ಲ, ಮಾಸ್ಕೇ ಕೆಟ್ಟಿದೆ. ವಾಲ್ವ್‌ನಿಂದ ಬಿದ್ದ ಹನಿ ಲೆಕ್ಕಕ್ಕಿಲ್ಲ, ಅದು ಒಳಗಿನಿಂದ ಹೊರಕ್ಕೆ ತೆರೆಯುವಂಥದ್ದೇ. ವಾಲ್ವ್ ಮೇಲೆ ಅನುಮಾನ ಇದ್ದರೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಆಮೇಲೂ ಸೋರಿದರೆ ಅದರ ಬಿಲ್ಲೆ ಬಾಗಿದೆ, ಬದಲಾಯಿಸಬೇಕು. ನನಗಂತೂ ವಾಲ್ವ್ ಇಲ್ಲದ ಮಾಸ್ಕೇ ಇಷ್ಟ. ಕೆಡುವ ಭಾಗ ಒಂದು ಕಡಿಮೆ.

ಸೋರುವುದಿಲ್ಲ, ಆದರೆ ನೋಯುತ್ತದೆ

ಎರಡು ಹುಬ್ಬಿನ ನಡುವೆ, ಮೂಗು ಶುರುವಾಗುವ ಕಡೆ ನೋವಾಗುತ್ತಿದ್ದರೆ ಗಟ್ಟಿ ಫ್ರೇಮ್ ಅಲ್ಲಿನ ಎಲುಬಿಗೆ ತಾಗುತ್ತಿದೆ. ಮೊದಲ ಹತ್ತು ನಿಮಿಷ ಏನೂ ಅನಿಸುವುದಿಲ್ಲ, ಅರ್ಧ ಗಂಟೆಯ ನಂತರ ಡೈವ್ ಮುಗಿದರೆ ಸಾಕು ಅನಿಸುತ್ತದೆ. ಸ್ಟ್ರ್ಯಾಪ್ ಸಡಿಲ ಮಾಡಿಯೂ ಇದು ಹೋಗದಿದ್ದರೆ ಆ ಮಾಸ್ಕ್ ನಿಮ್ಮದಲ್ಲ. ಮೂಗಿನ ತುದಿ ಗೂಡಿನ ಒಳಗೋಡೆಗೆ ತಾಗುತ್ತಿದ್ದರೂ ಅಷ್ಟೇ. ಆಳಕ್ಕೆ ಹೋದಾಗ ಮಾಸ್ಕ್ ಒಳಕ್ಕೆ ಒತ್ತಿಕೊಳ್ಳುವುದರಿಂದ ಅಲ್ಲಿ ಸ್ವಲ್ಪ ಜಾಗ ಇರಲೇಬೇಕು.

ಕಿವಿಯ ಮೇಲೆ ನೋವಿದ್ದರೆ ಸ್ಟ್ರ್ಯಾಪ್ ಕೆಳಗೆ ಕೂತಿದೆ. ಅದು ಕಿವಿಯ ಮೇಲಿನಿಂದ ಹಾದು ತಲೆಯ ಹಿಂಭಾಗದ ಉಬ್ಬಿನ ಮೇಲೆ ಕೂರಬೇಕು. ಕೆಳಗೆ ಜಾರಿದರೆ ಮಾಸ್ಕ್‌ನ ಕೆಳಭಾಗವನ್ನು ಮಾತ್ರ ಎಳೆದು ಮೂಗಿಗೆ ಒತ್ತುತ್ತದೆ. ಹಿಂದೆ ಎರಡು ಎಳೆಯಾಗಿ ಕವಲೊಡೆದ ಸ್ಟ್ರ್ಯಾಪ್ ಆದರೆ ಎರಡೂ ಎಳೆಗಳನ್ನು ಸ್ವಲ್ಪ ಅಗಲಿಸಿ. ಕೂದಲು ಎಳೆಯುತ್ತದೆ ಅನ್ನುವವರು ನಿಯೋಪ್ರೀನ್ ಕವರ್ ಹಾಕಿ, ತುಂಬಾ ಹಿತವಾಗಿರುತ್ತದೆ.

ಹೊಸದು ಕೊಳ್ಳಲೇಬೇಕು ಅಂತಾದರೆ

ಅಂಗಡಿಯಲ್ಲಿ ಎಲ್ಲರೂ ಮಾಡುವ ಪರೀಕ್ಷೆ ಒಂದಿದೆ. ಮಾಸ್ಕ್ ಮುಖಕ್ಕಿಟ್ಟು ಮೂಗಿನಿಂದ ಜೋರಾಗಿ ಎಳೆಯುವುದು. ಅಂಟಿ ನಿಂತರೆ ಸರಿಯಾಗಿದೆ ಅಂತ ಲೆಕ್ಕ. ಇದನ್ನು ನಂಬಬೇಡಿ. ಜೋರಾಗಿ ಎಳೆದರೆ ಸರಿಯಿಲ್ಲದ ಮಾಸ್ಕ್ ಕೂಡ ಸಂದುಗಳನ್ನು ಮುಚ್ಚಿಕೊಂಡು ಅಂಟಿಕೊಳ್ಳುತ್ತದೆ. ನೀರಿನಲ್ಲಿ ನೀವು ಹಾಗೆ ಎಳೆಯುತ್ತಾ ಇರುವುದಿಲ್ಲವಲ್ಲ.

ಹೀಗೆ ಮಾಡಿ. ತಲೆ ಹಿಂದಕ್ಕೆ ಚಾಚಿ ಛಾವಣಿ ನೋಡಿ. ಸ್ಟ್ರ್ಯಾಪನ್ನು ಗಾಜಿನ ಕಡೆಗೆ ಮಡಚಿ ಮಾಸ್ಕನ್ನು ಮುಖದ ಮೇಲೆ ಸುಮ್ನೆ ಇಡಿ, ಒತ್ತಬೇಡಿ. ಅದು ತನ್ನ ಭಾರಕ್ಕೇ ಸುತ್ತಲೂ ಚರ್ಮಕ್ಕೆ ತಾಗಬೇಕು. ಎಲ್ಲಾದರೂ ಸಂದಿದೆಯಾ ಅಂತ ಬೇರೆಯವರಿಂದ ನೋಡಿಸಿ, ಮುಖ್ಯವಾಗಿ ಕಣ್ಣಿನ ಪಕ್ಕ ಮತ್ತು ಮೇಲ್ತುಟಿಯ ಹತ್ತಿರ. ಆಮೇಲೆ ಬಾಯಲ್ಲಿ ಮೌತ್‌ಪೀಸ್ ಇಟ್ಟು ಮತ್ತೆ ಅದೇ ನೋಡಿ. ನಿಮ್ಮದೇ ಮೌತ್‌ಪೀಸ್ ತೆಗೆದುಕೊಂಡು ಹೋಗಿದ್ದರೆ ಇನ್ನೂ ಒಳ್ಳೆಯದು. ಕೊನೆಗೆ ಮೂಗಿನಿಂದ ಹೂವಿನ ವಾಸನೆ ನೋಡುವಷ್ಟು ಮೆಲ್ಲಗೆ ಒಂದು ಸಲ ಎಳೆದು, ಉಸಿರು ಹಿಡಿದು ತಲೆಯನ್ನು ನೇರ ಮಾಡಿ. ಕೆಲವು ಸೆಕೆಂಡ್ ಅದು ಹಾಗೇ ನಿಂತರೆ ಮುಖಕ್ಕೆ ಹೊಂದುತ್ತದೆ. ಕೈಗವಸು ಹಾಕಿ ಮೂಗು ಹಿಡಿಯಲು ಆಗುತ್ತದೆಯಾ ಅಂತಲೂ ನೋಡಿ, ಕಿವಿಯ ಒತ್ತಡ ಸರಿಮಾಡಲು ಪ್ರತಿ ಡೈವ್‌ನಲ್ಲೂ ಅದು ಬೇಕು.

ಹೆಚ್ಚು ಬೆಲೆಯದ್ದು ಚೆನ್ನಾಗಿ ಕೂರುತ್ತದೆ ಅನ್ನುವ ಲೆಕ್ಕ ಇಲ್ಲ. ಸ್ನೇಹಿತರಿಗೆ ಚೆನ್ನಾಗಿದೆ ಅಂತ ನೋಡದೆ ತರಿಸಬೇಡಿ. ಗಾಜಿನ ಮೇಲೆ ಟೆಂಪರ್ಡ್ ಅಂತ ಗುರುತಿದೆಯಾ ನೋಡಿ, ಅಂಥ ಗಾಜು ಒಡೆದರೆ ಚೂಪು ಚೂರಾಗುವುದಿಲ್ಲ. ಒಳಗೆ ಗಾಳಿ ಕಡಿಮೆ ಹಿಡಿಯುವ ಮಾಸ್ಕ್ ಆದರೆ ನೀರು ಹೊರಹಾಕಲೂ ಒತ್ತಡ ಸರಿಮಾಡಲೂ ಕಡಿಮೆ ಉಸಿರು ಸಾಕು. ಕನ್ನಡಕದ ಕಡ್ಡಿ ಸೀಲ್ ಮುರಿಯುವುದರಿಂದ ಕನ್ನಡಕ ಹಾಕಿಕೊಂಡು ಮಾಸ್ಕ್ ಹಾಕಲಾಗದು. ಎರಡು ಗಾಜಿನ ಎಷ್ಟೋ ಮಾಸ್ಕ್‌ಗಳಿಗೆ ನಂಬರ್ ಇರುವ ಲೆನ್ಸ್ ಹಾಕಿಸಬಹುದು. ನೀರೊಳಗೆ ವಸ್ತುಗಳು ಸುಮಾರು ಶೇ. 33ರಷ್ಟು ದೊಡ್ಡದಾಗಿ ಕಾಣುವುದರಿಂದ ತೀರಾ ಕಡಿಮೆ ನಂಬರ್‌ನವರಿಗೆ ಕೆಲವೊಮ್ಮೆ ಅದೂ ಬೇಕಾಗುವುದಿಲ್ಲ. ಇಡೀ ಮುಖ ಮುಚ್ಚುವ ಸ್ನಾರ್ಕೆಲಿಂಗ್ ಮಾಸ್ಕ್‌ಗಳು ಸ್ಕೂಬಾಕ್ಕೆ ಅಲ್ಲವೇ ಅಲ್ಲ.

ಹೊಸ ಮಾಸ್ಕ್ ವಿಪರೀತ ಮಂಜು ಕಟ್ಟಿದರೆ ಗಾಬರಿ ಬೇಡ. ತಯಾರಿಕೆಯ ಸಮಯದ ಅಂಟು ಪದರ ಗಾಜಿನ ಮೇಲಿರುತ್ತದೆ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಹಚ್ಚಿ ಒಳಗಡೆ ಬೆರಳಿನಿಂದ ಎರಡು ಮೂರು ಸಲ ಚೆನ್ನಾಗಿ ಉಜ್ಜಿ ತೊಳೆಯಿರಿ. ವಿಶೇಷ ಲೇಪನ ಇರುವ ಗಾಜಿಗೆ ಇದನ್ನು ಮಾಡಬೇಡಿ, ಜೊತೆಗೆ ಬಂದ ಸೂಚನೆ ನೋಡಿ.

ಚೆನ್ನಾಗಿದ್ದದ್ದು ಈಗ ಸೋರುತ್ತಿದೆಯಾ?

ಹೇಗೆ ಇಟ್ಟಿದ್ದಿರಿ ಅಂತ ನೆನಪಿಸಿಕೊಳ್ಳಿ. ಬ್ಯಾಗಿನಲ್ಲಿ ಫಿನ್‌ಗಳ (ಈಜಲು ಕಾಲಿಗೆ ಹಾಕುವ ರೆಕ್ಕೆಗಳ) ಕೆಳಗೆ ತಿಂಗಳುಗಟ್ಟಲೆ ಒತ್ತಿಕೊಂಡಿದ್ದ ಸ್ಕರ್ಟ್ ಅದೇ ಆಕಾರ ಹಿಡಿದುಬಿಡುತ್ತದೆ. ಸ್ವಲ್ಪ ಬಾಗಿದ್ದರೆ ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ನೋಡಿ, ಕೆಲವು ಸಲ ಮೊದಲಿನಂತಾಗುತ್ತದೆ. ಪ್ರತಿ ಡೈವ್ ನಂತರ ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಗಟ್ಟಿ ಡಬ್ಬಿಯಲ್ಲಿ ಇಡಿ. ಪಾರದರ್ಶಕ ಸಿಲಿಕೋನ್ ಕಪ್ಪು ರಬ್ಬರಿಗೆ ತಾಗಿಕೊಂಡಿದ್ದರೆ ಕಲೆ ಹಿಡಿಯುತ್ತದೆ. ಹಳದಿಯಾದರೆ ಚಿಂತೆ ಇಲ್ಲ. ಅಂಚು ಗಟ್ಟಿಯಾಗಿ, ಬಾಗಿಸಿದಾಗ ಸಣ್ಣ ಬಿರುಕು ಕಂಡರೆ ಮಾತ್ರ ಅದರ ಕಾಲ ಮುಗಿಯಿತು.

ಮಾಸ್ಕ್ ಹಾಗೇ ಇದ್ದು ಮುಖ ಬದಲಾಗಿರಬಹುದು ಕೂಡ. ತೂಕ ತುಂಬಾ ಇಳಿದರೆ ಕೆನ್ನೆ ಒಳಗೆ ಹೋಗುತ್ತದೆ, ವಯಸ್ಸಾದಂತೆ ಗೆರೆಗಳು ಆಳವಾಗುತ್ತವೆ. ಬಹಳ ದಿನದ ನಂತರ ನೀರಿಗೆ ಇಳಿಯುವವರು ಹೊರಡುವ ಹಿಂದಿನ ವಾರವೇ ಛಾವಣಿ ನೋಡುವ ಆ ಪರೀಕ್ಷೆಯನ್ನು ಮನೆಯಲ್ಲಿ ಮತ್ತೊಮ್ಮೆ ಮಾಡಿ, ಮೌತ್‌ಪೀಸ್ ಬಾಯಲ್ಲಿಟ್ಟುಕೊಂಡೇ.